ತೊಟ್ಟಿಯಲ್ಲಿ ನೆನೆಸಿದ ಕೊಡಲಿ

ಕಳ್ಳಕವಟಗಿಯ ನಮ್ಮ ಹೊಲದ ಬದುವಿನಲ್ಲಿ ಕಡಿದ ಜಾಲಿಯ ಬೊಡ್ಡೆಗಳಿವೆ. ಅವುಗಳಿಂದ ಎದ್ದ ನೆಟ್ಟನೆಯ ಕೋಲುಗಳನ್ನು ಕಡಿದು ಕಾಕಾ ಗುದ್ದಲಿ, ಕೊಡಲಿಗಳಿಗೆ ಹಿಡಿಕೆ ಮಾಡುತ್ತಾನೆ. ಅದಕ್ಕೆ ಕಾವು ಎನ್ನುತ್ತೇವೆ. ಹಸಿಯಿರುವಾಗಲೇ ಕೆತ್ತಿ, ಮೇವಿನ ಬಣವೆಯೊಳಗೆ ತುರುಕಿ, ನಿಧಾನವಾಗಿ ಒಣಗಿಸಿದ ಮೇಲೆಯೇ ವಿಜಯಪುರದ ಗಾಂಧಿ ಚೌಕದ ಅಂಗಡಿಗೆ ಕಳಿಸುತ್ತಾನೆ. ತನ್ನ ಕೊಡಲಿಗೆ ಮಾತ್ರ ಹಸಿ ಕಾವನ್ನೇ ಕೂಡಿಸಿಬಿಟ್ಟಿದ್ದ. ಅದು ಒಣಗುತ್ತ ಸಡಿಲಾಗಿತ್ತು. ಬಿಗಿಯಾಗಲೆಂದು ಎಮ್ಮೆ ನೀರು ಕುಡಿಯುವ ತೊಟ್ಟಿಯಲ್ಲಿ ನೆನೆಸಿಟ್ಟಿದ್ದ.

ಈ ವರ್ಷ ಸಂಕ್ರಾಂತಿ ಮುಗಿದು ಬಿಸಿಲು ಏರತೊಡಗಿತ್ತು. ನಾನು ವಿಜಯಪುರದಿಂದ ಬಂದು ನೆರಳಲ್ಲಿ ತೊಗಟೆ ಸುಲಿಯುತ್ತ ಕೂತಿದ್ದೆ. ದಪ್ಪ ಕೋಲೊಂದನ್ನು ಸೀಳಲು ಕಾಕಾ ತೊಟ್ಟಿಯಿಂದ ಕೊಡಲಿ ಎತ್ತಿಕೊಂಡ. ಅವನ ಹೆಂಡತಿ, ನಮ್ಮ ಕಾಕು, ಕುಕ್ಕರಗಾಲಲ್ಲಿ ಕೂತು ಕೋಲನ್ನು ದಿಮ್ಮಿಯ ಮೇಲೆ ಎರಡೂ ಕೈಯಿಂದ ಹಿಡಿದಳು.

"ಕೊಡ್ಲಿ ಬಿಗಿ ಐತೇನ್ರಿ?"

"ನಿನ್ನ ಮುಷ್ಟಿಗಿಂತ ಬಿಗಿ ಐತಿ."

"ನನ್ನ ಮುಷ್ಟಿ ಬಿಸಲಿಗೆ ಸಡ್ಲ ಆಗೂದಿಲ್ರಿ."

ಕಾಕಾ ನಕ್ಕು ಹೊಡೆಯತೊಡಗಿದ. ಕೋಲು ಗಟ್ಟಿಯಿತ್ತು. ಬಿಸಿಲಿನಲ್ಲಿ ಕೊಡಲಿ ಏಳುತ್ತ, ಇಳಿಯುತ್ತ ಇತ್ತು. ಕಬ್ಬಿಣದ ಕೆಳಗೆ ಕಾವಿನ ಮೇಲೊಂದು ಬಿಳಿ ಗೆರೆ ಕಂಡಿತು. ಬೆಳಕಿರಬೇಕು ಎಂದುಕೊಂಡೆ. ಮುಂದಿನ ಏಟಿಗೆ ಗೆರೆ ಬೆರಳಿನಷ್ಟು ಅಗಲವಾಯಿತು. ಕಬ್ಬಿಣದೊಳಗೆ ಇರಬೇಕಾದ ಕಟ್ಟಿಗೆ ಹೊರಗೆ ಕಾಣುತ್ತಿತ್ತು.

"ಕಾಕಾ" ಎಂದೆ. ಅವನ ಕೈ ಆಗಲೇ ಮೇಲಿತ್ತು.

ಕಾಕು ನನ್ನತ್ತ ಹೊರಳಿದಳು. ಕಬ್ಬಿಣ ಅವಳ ಕಿವಿಯ ಪಕ್ಕದಿಂದ ಸೆರಗನ್ನು ಹರಿದುಕೊಂಡು ಹೋಗಿ ತೊಟ್ಟಿಯ ಕಲ್ಲಿಗೆ ಬಡಿಯಿತು. ಕಾಕಾನ ಕೈಯಲ್ಲಿ ಬರೀ ಕಾವು ಉಳಿದಿತ್ತು. ನಾನು ಕರೆದದ್ದರಿಂದಲೇ ಅವಳು ಉಳಿದಳು ಎಂದು ಮನೆಯವರು ಹೇಳುತ್ತಾರೆ. ಅವಳು ಇನ್ನೊಂದು ಬದಿಗೆ ಹೊರಳಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಕಾಕು ಕಿವಿ ಮುಟ್ಟಿ ನೋಡಿಕೊಂಡಳು. ಎದ್ದು ಹೋಗಿ ಕಬ್ಬಿಣ ಹೆಕ್ಕಿ ತಂದಳು. ಬಣವೆಯಿಂದ ಒಣಗಿದ ಕಾವೊಂದನ್ನು ಎಳೆದು, ಕಲ್ಲಿನಿಂದ ಬಡಿದು ಕೂಡಿಸಿ, ಬೆಣೆ ಹೊಡೆದಳು. ಕಾಕಾ ಅದಕ್ಕೆ ಕೈಚಾಚಿದ. ಅವಳು ಕೊಡಲಿಲ್ಲ.

"ಕೂಡ್ರಿ. ಈಗ ನೀವು ಹಿಡೀರಿ, ನಾ ಹೊಡೀತೀನಿ."

ಅವನು ಕೂತು ಎರಡೂ ಕೈಯಿಂದ ಕೋಲು ಹಿಡಿದ. ಕೋಲು ನಡುಗುತ್ತಿತ್ತು. ಅದು ನಿಲ್ಲುವವರೆಗೂ ಕಾಕು ಕೊಡಲಿ ಎತ್ತಲಿಲ್ಲ.