ಲೇಡೀಸ್ ಕೌಂಟರಿನ ಕಿಂಡಿ

ಗಿರಿಜಾ, ನಿನ್ನ ಮೊದಲ ಸಂಬಂಧ ಮುರಿದದ್ದು ನಿನ್ನ ಚಿಕ್ಕಪ್ಪನ ಚಾಡಿಯಿಂದ ಅಲ್ಲ. ಚಾಡಿ ಹೇಳಿದವಳು ನಾನು. ಆಮೇಲೆ ಆ ಪಾಪವನ್ನು ಚಂದ್ರಣ್ಣನ ತಲೆಗೆ ಕಟ್ಟಿದವಳೂ ನಾನೇ— ನೀನು ಹಬ್ಬ ಬಂದರೆ ಡಬ್ಬಿ ತುಂಬ ಒಬ್ಬಟ್ಟು ತಂದುಕೊಡುವ ಇದೇ ಪದ್ಮಾ ಆಂಟಿ.

ಚಂದ್ರಣ್ಣ ಈಗ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿದ್ದಾರೆ. ನೋಡುವವರು ಬಂದು ನೋಡಿಕೊಂಡು ಹೋಗಲಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ನಿಮ್ಮಪ್ಪ ಇನ್ನೂ ಹೋಗಿಲ್ಲ. ಹೋಗದಿರುವುದಕ್ಕೆ ಕಾರಣ ನಾನು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ— ಬೇಕಾದ್ದು ಹೇಳಿ ಬೇಡದ್ದು ನುಂಗುವುದು ನನ್ನ ಹಳೆಯ ರೋಗ.

ಜಯನಗರದ ಆ ರಸ್ತೆಯನ್ನು ಈಗ ನೋಡಿದವರು ನಂಬಲಿಕ್ಕಿಲ್ಲ. ಕೂಗಳತೆಯಲ್ಲಿ ಮೂರು ಥಿಯೇಟರು. ಎದುರಿಗೆ ಇಡೀ ದಿನ ಹಾಡು ಹಾಕುವ ಕ್ಯಾಸೆಟ್ ಅಂಗಡಿ, ಪಕ್ಕದಲ್ಲಿ ಇಂಟರ್ವಲ್ ಹೊತ್ತಿಗೆ ಸರಿಯಾಗಿ ಬೋಂಡ ಕರಿಯುವ ಹೋಟೆಲು. ಶುಕ್ರವಾರ ಹೊಸ ಪಿಕ್ಚರ್ ಬಂತೆಂದರೆ ಕಟೌಟಿಗೆ ಹಾರ, ತಮಟೆ, ಪಟಾಕಿ. ಸಿದ್ದಾಪುರದ ಹೂವಿನ ಹೆಂಗಸರು ನಮ್ಮ ಗೇಟಿನ ಎದುರಿಗೇ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ನಿಮ್ಮಪ್ಪ ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿ ಆಪರೇಟರು; ನಾನು ಕೆಳಗೆ, ಲೇಡೀಸ್ ಕೌಂಟರಿನಲ್ಲಿ ಟಿಕೆಟ್ ಕೊಡುವವಳು.

ನನ್ನ ಕೌಂಟರಿಗೆ ಇದ್ದದ್ದು ಒಂದು ಕಿಂಡಿ. ಒಂದು ಕೈ ತೂರುವಷ್ಟು ಮಾತ್ರ. ಬಗ್ಗಿ ನೋಡದ ಹೊರತು ಮುಖ ಕಾಣುತ್ತಿರಲಿಲ್ಲ, ಬಗ್ಗುವುದಕ್ಕೆ ಪುರುಸೊತ್ತೂ ಇರಲಿಲ್ಲ. ಹಾಗಾಗಿ ಕೈ ನೋಡಿಯೇ ಆಳನ್ನು ಅಳೆಯುವುದು ನನಗೆ ಅಭ್ಯಾಸವಾಗಿತ್ತು. ಹೆಂಗಸರ ಕ್ಯೂ ಚಿಕ್ಕದು ಎಂದು ಬ್ಲಾಕ್ ಟಿಕೆಟ್‌ನವರು ಹೆಂಗಸರನ್ನು ಕಳಿಸುತ್ತಿದ್ದರಲ್ಲ— ಅಂಥ ಕೈಯನ್ನು ಬೆರಳು ಚಾಚುವ ರೀತಿಯಲ್ಲೇ ಹಿಡಿದುಬಿಡುತ್ತಿದ್ದೆ. “ಹೋಗಮ್ಮ, ಆಚೆ ಹೋಗು, ನಿನ್ನ ಕಳಿಸಿದೋನ್ನೇ ಬರಕ್ಕೆ ಹೇಳು!” ಎಂದು ಗದರುತ್ತಿದ್ದೆ. ಮಾಲೀಕರು ಎಲ್ಲರೆದುರಿಗೆ, “ಪದ್ಮಮ್ಮನ ಕಣ್ ತಪ್ಸಕ್ಕಾಗಲ್ಲ ಕಣ್ರೀ” ಎನ್ನುತ್ತಿದ್ದರು. ಆ ಹೊಗಳಿಕೆ ನನ್ನನ್ನು ಹಾಳುಮಾಡಿತು— ಅಲ್ಲ, ಹೊಗಳಿಕೆಗೇನು ಬಂತು, ಹಾಳಾದವಳು ನಾನು. ಅನುಮಾನ ಪಡುವುದನ್ನೇ ಬುದ್ಧಿವಂತಿಕೆ ಎಂದುಕೊಂಡೆ. ಹಾಲಿನವನನ್ನೂ ನಂಬಲಿಲ್ಲ, ನೆಂಟರನ್ನೂ ನಂಬಲಿಲ್ಲ.

ಆಮೇಲೆ ಆ ರಸ್ತೆಗೆ ಜನ ಬರುವುದೇ ಕಡಿಮೆಯಾಯಿತು. ಮೊದಲು ಕ್ಯಾಸೆಟ್ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂತು. ಒಂದು ಥಿಯೇಟರು ಕಲ್ಯಾಣಮಂಟಪವಾಯಿತು, ಇನ್ನೊಂದಕ್ಕೆ ಬೀಗ ಬಿತ್ತು. ಉಳಿದದ್ದು ನಮ್ಮದು, ಬಾಲ್ಕನಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಆಗ ಶುರುವಾಯಿತು ನೋಡು, ಅಂತೆ ಕಂತೆಗಳ ಸಂತೆ. ಬಿಲ್ಡರ್ ಜೊತೆ ಮಾತಾಗಿದೆಯಂತೆ. ಮಾಲ್ ಕಟ್ಟುತ್ತಾರಂತೆ, ಮೇಲಿನ ಮಹಡಿಯಲ್ಲಿ ಸಣ್ಣ ಸಣ್ಣ ಸ್ಕ್ರೀನುಗಳಂತೆ. ಹಳಬರಲ್ಲಿ ಒಬ್ಬಿಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರಂತೆ— ಅವರ ಕಡೆಯವರು ಬಂದು ಗುಟ್ಟಾಗಿ ನಮ್ಮ ನಡತೆ ವಿಚಾರಿಸಿ ಹೋಗುತ್ತಿದ್ದಾರಂತೆ. ಯಾರು ಹೇಳಿದರು, ಯಾರಿಗೂ ಗೊತ್ತಿಲ್ಲ. ಆದರೆ ಗೇಟಿನವನು ಕ್ಯಾಂಟೀನಿನವನ ಜೊತೆ ಮಾತು ಬಿಟ್ಟ. ಟಾರ್ಚ್ ಹಿಡಿದು ಸೀಟು ತೋರಿಸುವವನು ಮಾಲೀಕರ ಕಾರು ಒರೆಸತೊಡಗಿದ. ನಾನು ಎಲ್ಲರ ಮೇಲೂ ಕಣ್ಣಿಟ್ಟೆ. ನಮ್ಮವರು ಕಾರ್ಖಾನೆ ಮುಚ್ಚಿಹೋಗಿ ಮನೆಯಲ್ಲಿ ಕೂತಿದ್ದ ಕಾಲ; ಬಾಡಿಗೆ ನನ್ನ ಸಂಬಳದಿಂದಲೇ ಹೋಗಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಸಂಸಾರದ ಕಷ್ಟ ಗೇಟಿನವನಿಗೂ ಇತ್ತು, ಅವನು ಯಾರ ಮನೆಯನ್ನೂ ಮುರಿಯಲಿಲ್ಲ.

ನಿಮ್ಮಪ್ಪನ ಮೇಲೆ ನನಗೆ ಅನುಮಾನ ಬಂದದ್ದು ಅವರ ಇಸ್ತ್ರಿ ಶರ್ಟಿನಿಂದ. ಯಾವಾಗಲೂ ಎಣ್ಣೆ ಕಲೆಯ ಅಂಗಿಯಲ್ಲಿ ಇರುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಗರಿಗರಿ ಶರ್ಟು ಹಾಕತೊಡಗಿದರು. ಮೆಟ್ಟಿಲ ಕೆಳಗೆ ನಿಂತು ಫೋನಿನಲ್ಲಿ ಪಿಸಪಿಸ ಮಾತು, ನಾನು ಆ ಕಡೆ ಬಂದರೆ ಮಾತು ನಿಲ್ಲುತ್ತಿತ್ತು. ಮ್ಯಾಟಿನಿ ಶುರುಮಾಡಿ, ಅಸಿಸ್ಟೆಂಟಿಗೆ ಬಿಟ್ಟು, ಹಿಂದಿನ ಗೇಟಿನಿಂದ ಹೊರಗೆ.

“ಏನಣ್ಣ, ಭಾರಿ ಮಿಂಚ್ತಿದ್ದೀರಾ?” ಎಂದು ಕೆದಕಿದೆ.

“ಏನಿಲ್ಲಮ್ಮ, ಹಿಂಗೇ,” ಎಂದು ನಕ್ಕು ಮೇಲೆ ಹತ್ತಿದರು.

ಆ ನಗು ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ಇವರು ಆಗಲೇ ಬಿಲ್ಡರ್ ಕಡೆಯವರನ್ನು ಹಿಡಿದಿದ್ದಾರೆ, ತಮ್ಮ ಕೆಲಸ ಗಟ್ಟಿಮಾಡಿಕೊಳ್ಳುತ್ತಿದ್ದಾರೆ, ನಮ್ಮ ಹತ್ತಿರ ಒಂದು ಮಾತೂ ಆಡದೆ— ಹೀಗೇ ಓಡಿತು ನನ್ನ ತಲೆ. ನಿನಗೆ ಗಂಡು ಗೊತ್ತಾಗುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಿಶ್ಚಿತಾರ್ಥ ಆಗುವವರೆಗೆ ಯಾರ ಕಿವಿಗೂ ಬೀಳಬಾರದು, ದೃಷ್ಟಿಯಾಗುತ್ತದೆ ಎಂದು ನಿಮ್ಮಮ್ಮ ಆಣೆ ಹಾಕಿಸಿದ್ದರಂತೆ. ಹೆಣ್ಣು ಹೆತ್ತವರೆಲ್ಲ ಮಾಡುವುದೇ ಅದು. ನಾನೂ ನನ್ನ ತಂಗಿಯ ಮದುವೆಯಲ್ಲಿ ಅದನ್ನೇ ಮಾಡಿದ್ದೆ. ಆದರೂ ಹೊಳೆಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಒಂದು ಮಧ್ಯಾಹ್ನ, ಮ್ಯಾಟಿನಿ ಶುರುವಾದ ಮೇಲೆ, ನನ್ನ ಕಿಂಡಿಯ ಮುಂದೆ ಒಂದು ಗಂಡಸಿನ ಕೈ ಬಂದು ಕೂತಿತು. ಹಸಿರು ಕಲ್ಲಿನ ಉಂಗುರ, ನೀಟಾಗಿ ಕತ್ತರಿಸಿದ ಉಗುರು, ಮಣಿಕಟ್ಟಿಗೆ ನೇತುಹಾಕಿದ ಛತ್ರಿ. ಕೈಯಲ್ಲಿ ದುಡ್ಡಿರಲಿಲ್ಲ.

“ಟಿಕೆಟ್ ಬೇಡಮ್ಮ. ಒಂದ್ ವಿಷ್ಯ ಕೇಳ್ಬೇಕಿತ್ತು. ಇಲ್ಲಿ ಆಪರೇಟರ್ ನಂಜುಂಡಪ್ಪ ಅಂತ ಇದ್ದಾರಲ್ಲ— ಮನುಷ್ಯ ಹೆಂಗೆ?”

ಬಂದೇಬಿಟ್ಟರು ಎಂದುಕೊಂಡೆ. ಕೆಲಸಕ್ಕೆ ಜನ ಆರಿಸುವವರು.

“ಯಾಕ್ ಸಾರ್? ಎಲ್ಲಿಂದ ಬಂದಿದ್ದೀರಾ?”

“ಹಿಂಗೇ, ಸ್ವಲ್ಪ ತಿಳ್ಕೊಳ್ಳೋದಿತ್ತು. ಕೆಲ್ಸದಲ್ಲಿ ಹೆಂಗೆ, ಅಭ್ಯಾಸ ಗಿಭ್ಯಾಸ ಏನಾದ್ರೂ...”

ಆಗ ನಾನು ಆಡಿದ ಮಾತು ಇದು. ಒಂದಕ್ಷರ ಬದಲಿಸದೆ ಬರೆಯುತ್ತೇನೆ.

“ಅವರ ವಿಷ್ಯ ನನ್ನ ಬಾಯಿಂದ ಯಾಕ್ ಸಾರ್ ಹೇಳಿಸ್ತೀರಾ?”

ಕೈ ಸ್ವಲ್ಪ ಹಿಂದೆ ಸರಿಯಿತು. “ಅಂದ್ರೆ... ಕುಡೀತಾರಾ?”

“ನಾನೇನೂ ಹೇಳಿಲ್ಲಪ್ಪ. ನೀವ್ ದೊಡ್ಡೋರು, ಅರ್ಥ ಮಾಡ್ಕೊಳ್ಳಿ.” ಅಷ್ಟಕ್ಕೆ ಬಿಟ್ಟೆನಾ? ಇಲ್ಲ. “ನಾನಂತೂ ಶುರುವಿನಿಂದ ಇಲ್ಲೇ ಇದ್ದೀನಿ ಸಾರ್, ಒಂದ್ ದಿನ ಕಂಪ್ಲೇಂಟ್ ಇಲ್ಲ. ಪದ್ಮಾವತಿ ಅಂತ, ನೆನಪಿಟ್ಕೊಳ್ಳಿ.”

ಕುಡಿತವಂತೆ! ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುವುದು ಬಿಟ್ಟರೆ ನಿಮ್ಮಪ್ಪನಿಗೆ ಬೇರೆ ಚಟ ಇರಲಿಲ್ಲ. ನನಗೆ ಗೊತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಆಡಿದ ಮಾತು ಅದು. ನಾನು ಸುಳ್ಳು ಹೇಳಿಲ್ಲ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಅವತ್ತು ಚೆನ್ನಾಗಿ ನಿದ್ದೆಯೂ ಬಂತು.

ಸ್ವಲ್ಪ ದಿನದಲ್ಲೇ ನಿಮ್ಮಪ್ಪ ಕೌಂಟರಿನ ಹಿಂಬಾಗಿಲಿನಿಂದ ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತರು. ಮತ್ತೆ ಎಣ್ಣೆ ಕಲೆಯ ಅಂಗಿ.

“ನಿಮಗೂ ಹೇಳಿರ್ಲಿಲ್ಲ ಪದ್ಮಮ್ಮ. ಗಿರಿಜಂಗೆ ಸಂಬಂಧ ಗೊತ್ತಾಗಿತ್ತು. ಜಾತಕ ಕೂಡಿತ್ತು, ಹುಡುಗೀನ ಒಪ್ಪಿದ್ರು. ಹುಡುಗನ ಸೋದರಮಾವ ಎಲ್ಲೋ ವಿಚಾರಿಸಿದ್ರಂತೆ. ಅಪ್ಪ ಕುಡುಕ, ನಮಗೆ ಬೇಡ ಅಂದ್ಬಿಟ್ರು.” ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡರು. “ನಾನು ಯಾರಿಗೆ ಏನ್ ಮಾಡಿದೀನಮ್ಮ? ಯಾರ್ ಹೇಳಿರ್ತಾರೆ?”

“ಯಾವ ಸೋದರಮಾವ ಅಣ್ಣ?”

“ಹಸಿರು ಉಂಗುರ ಹಾಕಿರ್ತಾರೆ. ಬಿಸಿಲಿರ್ಲಿ ಮಳೆ ಇರ್ಲಿ, ಕೈಯಲ್ಲೊಂದು ಛತ್ರಿ.”

ನನ್ನ ಕಿಂಡಿಗೆ ಬಂದ ಕೈ ಅದೇ, ಗಿರಿಜಾ. ಅಲ್ಲಿಯವರೆಗೆ ಮಾಡಿದ್ದನ್ನು ತಪ್ಪು ತಿಳಿವಳಿಕೆ ಎನ್ನಬಹುದು— ಅದೂ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದು, ಇರಲಿ. ಆಗ ಬಾಯಿಬಿಟ್ಟಿದ್ದರೆ ನಿಮ್ಮಪ್ಪ ಕೆನ್ನೆಗೆ ಹೊಡೆದು, ಆ ಮಾವನ ಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ನಿಜ ಹೇಳಿಸುತ್ತಿದ್ದರೋ ಏನೋ. ನಾನು ಹಾಗೆ ಮಾಡಲಿಲ್ಲ. ಅವರ ಕಣ್ಣು ಎಲ್ಲಿ ನನ್ನ ಕಡೆ ತಿರುಗುತ್ತದೋ ಎಂದು ಹೆದರಿ, ಬೇಗೂರಿನ ಸೈಟಿನ ವಿಚಾರಕ್ಕೆ ಅಣ್ಣತಮ್ಮಂದಿರಲ್ಲಿ ಸಣ್ಣ ಮನಸ್ತಾಪ ಇದೆ ಎಂದು ಗೊತ್ತಿದ್ದೇ, ಹೇಳಿದೆ—

“ಹೊರಗಿನೋರಿಗೆ ಏನ್ ಲಾಭ ಅಣ್ಣ? ಮನೆಯೋರನ್ನೇ ನೋಡ್ಕೊಳ್ಳಿ.”

ಅವರು ಸ್ಟೂಲಿನಿಂದ ಎದ್ದರು. ಆಮೇಲೆ, “ಚಂದ್ರುನಾ?” ಎಂದರು. ನಾನು ಟಿಕೆಟ್ ಪುಸ್ತಕ ಜೋಡಿಸುತ್ತ ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದೇ ಅವರಿಗೆ ಉತ್ತರವಾಯಿತು.

ಒಡಹುಟ್ಟಿದ ತಮ್ಮನ ಜೊತೆ ಅವರು ಮಾತು ಬಿಟ್ಟರು. ಯಾಕೆ ಎಂದು ಆ ತಮ್ಮನಿಗೆ ಹೇಳಲೂ ಇಲ್ಲ. ಮಗಳ ಹೆಸರು ಮತ್ತೆ ಜನರ ಬಾಯಿಗೆ ಬೀಳಬಾರದು ಎಂದು ನುಂಗಿಕೊಂಡರು. ಥಿಯೇಟರಿನ ಕೊನೆಯ ದಿನಗಳಲ್ಲಿ ಚಂದ್ರಣ್ಣ ಹುಳಿಮಾವಿನಿಂದ ಬಂದು ಗೇಟಿನ ಹತ್ತಿರ ಕಾದರು, ನಿಮ್ಮಪ್ಪ ಕೆಳಗಿಳಿಯಲಿಲ್ಲ. ಕೊನೆಗೆ ನನ್ನ ಕಿಂಡಿಯ ಹತ್ತಿರ ಬಂದರು. ಒರಟು ಕೈ, ಪೇಂಟಿಂಗ್ ಕೆಲಸದ ಸುಣ್ಣ ಉಗುರಿನಲ್ಲಿ. ಕಿಂಡಿಯ ಅಂಚನ್ನು ಹಿಡಿದುಕೊಂಡು ಕೇಳಿದರು.

“ಅಮ್ಮಾ, ನಮ್ಮಣ್ಣ ನನ್ನ ಜೊತೆ ಯಾಕ್ ಮಾತಾಡ್ತಿಲ್ಲ? ನಾನೇನ್ ತಪ್ ಮಾಡ್ದೆ? ನಿಮಗೇನಾದ್ರೂ ಗೊತ್ತಾ?”

“ಕೌಂಟರ್ ಕ್ಲೋಸ್ ಸಾರ್,” ಎಂದೆ. ಶೋ ಇನ್ನೂ ಶುರುವಾಗಿರಲಿಲ್ಲ. ಹಲಗೆ ಎಳೆದು ಕಿಂಡಿ ಮುಚ್ಚಿದೆ.

ಮಾಲ್ ಬಂತು. ನಮ್ಮಲ್ಲಿ ಒಬ್ಬರನ್ನೂ ಇಟ್ಟುಕೊಳ್ಳಲಿಲ್ಲ, ನಮ್ಮ ನಡತೆಯನ್ನು ವಿಚಾರಿಸಲು ಯಾರೂ ಬಂದಿರಲೂ ಇಲ್ಲ. ಪದ್ಮಾವತಿ ಎಂಬ ಹೆಸರನ್ನು ನಾನು ನೆನಪಿಟ್ಟುಕೊಳ್ಳಲು ಹೇಳಿದ್ದು ಯಾವುದೋ ಹುಡುಗನ ಸೋದರಮಾವನಿಗೆ. ಎಂಥ ದಡ್ಡಿ! ಈಗ ಆ ಮಾಲ್‌ನ ಕಥೆಯೂ ಅಷ್ಟರಲ್ಲೇ ಇದೆ. ಮೇಲಿನ ಸ್ಕ್ರೀನುಗಳು ಖಾಲಿ ಹೊಡೆಯುತ್ತಿವೆ. ಪಿಕ್ಚರ್ ಎಲ್ಲರ ಫೋನಿಗೇ ಬರುತ್ತದೆ. ಬಿಟಿಎಂನಿಂದ ಬರುವ ಹುಡುಗ ಹುಡುಗಿಯರು ಜೆ.ಪಿ. ನಗರದ ಪಬ್ಬುಗಳ ಕಡೆ ತಿರುಗಿದ್ದಾರೆ. ಸಂಜೆ ವಾಕಿಂಗ್ ಹೋದಾಗ ನೋಡುತ್ತೇನೆ— ಬಾಗಿಲಲ್ಲಿ ಕಪ್ಪು ಟೀಶರ್ಟಿನ ದಾಂಡಿಗರು ನಿಂತು, ಬಂದವರನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಅಳೆದು ಒಳಗೆ ಬಿಡುತ್ತಾರೆ. ಆ ನೋಟ ನನಗೆ ಚೆನ್ನಾಗಿ ಗೊತ್ತು.

ನಿನಗೆ ಒಳ್ಳೆಯ ಗಂಡ ಸಿಕ್ಕ. ಎಲ್ಲಾ ಒಳ್ಳೇದಕ್ಕೇ ಆಯ್ತು ಎಂದು ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ನಿನ್ನ ಧಾರೆಯ ಹೊತ್ತಿಗೆ ಛತ್ರದ ಎದುರಿನ ಫುಟ್‌ಪಾತಿನಲ್ಲಿ ಚಂದ್ರಣ್ಣ ನಿಂತಿದ್ದನ್ನು ನಾನು ನೋಡಿದೆ. ಹೊಸ ಪಂಚೆ ಉಟ್ಟಿದ್ದರು. ವಾಲಗದ ಸದ್ದು ಜೋರಾದಾಗ ಅಲ್ಲಿಂದಲೇ ಅಕ್ಷತೆ ಹಾಕುವವರ ಹಾಗೆ ಕೈ ಎತ್ತಿ, ಹೊರಟುಹೋದರು. ನಾನು ಒಳಗೆ ಬಂದು ಊಟಕ್ಕೆ ಕೂತೆ.

ಮತ್ತೆ ನಾನು ನಿಮ್ಮ ಮನೆಗೆ ಇಷ್ಟು ಹತ್ತಿರವಾದದ್ದು, ಅಪ್ಪನೂ ನೀನೂ ಈಗ ಒಟ್ಟಿಗಿರುವ ಬನಶಂಕರಿಯ ಮನೆಯಿಂದ ಎರಡು ಬೀದಿ ಆಚೆಗೇ ಬಾಡಿಗೆ ಹಿಡಿದದ್ದು— ಅದು ಪ್ರೀತಿಯೋ, ನಿಮಗೆ ಏನಾದರೂ ಗೊತ್ತಾಯಿತೇ ಎಂದು ಕಾಯುವ ಕಾವಲೋ? ನನಗೇ ತಿಳಿಯದು. ಊರನ್ನೆಲ್ಲ ಅನುಮಾನಿಸಿದವಳಿಗೆ ಕೊನೆಗೆ ಅನುಮಾನಿಸಲು ಉಳಿದಿರುವುದು ತಾನೊಬ್ಬಳೇ.

ನಿನ್ನೆ ನಿಮ್ಮಪ್ಪ ಬಂದಿದ್ದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು.

“ಚಂದ್ರು ಕೇಳ್ತಿದ್ದಾನಂತೆ ನನ್ನ. ಹೋಗ್ಲಾ ಪದ್ಮಮ್ಮ? ಅವತ್ತು ನೀವೇ ಅಂದ್ರಲ್ಲ, ಮನೆಯೋರೇ ಅಂತ... ಮನಸ್ಸು ಒಪ್ತಿಲ್ಲ. ಬಿಡಕ್ಕೂ ಆಗ್ತಿಲ್ಲ.”

ದೇವರು ನನ್ನ ಬಾಗಿಲಿಗೇ ಕಳಿಸಿಕೊಟ್ಟಿದ್ದ. ನಾನು ಏನೆಂದೆ ಗೊತ್ತಾ? “ನಿಮ್ಮಿಷ್ಟ ಅಣ್ಣ. ಕಾಫಿ ಕುಡೀತೀರಾ?”

ಅವರು ಕಾಫಿ ಕುಡಿದರು. ಸಕ್ಕರೆ ಈಗ ಹಾಕಿಸಿಕೊಳ್ಳುವುದಿಲ್ಲ. ಲೋಟ ಕೆಳಗಿಟ್ಟು, ಆಸ್ಪತ್ರೆಯ ಕಡೆ ಹೋಗದೆ ಮನೆಯ ಕಡೆ ತಿರುಗಿದರು. ಕಿಟಕಿಯಿಂದ ನೋಡುತ್ತ ನಿಂತಿದ್ದೆ. ಥೂ ನನ್ನ ಜನ್ಮಕ್ಕೆ!

ನಿಜ ಹೇಳಿದರೆ ನಿಮ್ಮಪ್ಪನಿಗೆ ಏನಾಗುತ್ತದೆಂದು ನನಗೆ ಗೊತ್ತು. ಇಷ್ಟು ವರ್ಷ ಅವರು ತಮ್ಮನಿಂದ ಅನ್ಯಾಯವಾದವರು. ಇನ್ನು ಮೇಲೆ ತಮ್ಮನಿಗೆ ಅನ್ಯಾಯ ಮಾಡಿದವರು. ಅದನ್ನು ಈ ವಯಸ್ಸಿನಲ್ಲಿ ಹೊರಿಸುವುದು ಇನ್ನೊಂದು ಪಾಪ ಎಂದು ರಾತ್ರಿಯೆಲ್ಲ ಮನಸ್ಸು ವಾದ ಮಾಡಿತು. ಆ ವಾದವನ್ನೂ ನಾನು ನಂಬಲಿಲ್ಲ. ಅದು ನನ್ನದೇ ದನಿ, ಹಲಗೆ ಎಳೆಯುವ ದನಿ.

ಅದಕ್ಕೇ, ಗಿರಿಜಾ, ಅಪ್ಪನನ್ನು ಹೊರಡಿಸು. ಯಾಕೆ ಎಂದು ನೀನು ಹೇಳಬೇಡ, ಅದು ನನ್ನ ಕೆಲಸ. ನಾನು ಸೀರೆ ಉಟ್ಟು ಕೂತಿದ್ದೇನೆ. ನೀನು ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಗೇಟಿನ ಹತ್ತಿರ ಬಂದಿರುತ್ತೇನೆ. ಆಟೋದಲ್ಲಿ ಅವರಿಗೆ ಹೇಳುತ್ತೇನೆ. ಕೇಳಿದ ಮೇಲೆ ನನ್ನನ್ನು ದಾರಿಯಲ್ಲೇ ಇಳಿಸಿದರೂ ಸರಿ, ನಿಮ್ಮ ಹಿಂದೆಯೇ ಬಸ್ಸು ಹಿಡಿದು ಬರುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುತ್ತಿಲ್ಲ. ಹಬ್ಬದ ಡಬ್ಬಿ ಇನ್ನು ಬರುವುದಿಲ್ಲ ಎಂದೂ ಗೊತ್ತು.

ಚಂದ್ರಣ್ಣನಿಗೆ ಕಿವಿ ಕೇಳುವಷ್ಟು ಪ್ರಜ್ಞೆ ಇರಲಿ, ಅಷ್ಟೇ ನನ್ನ ಬೇಡಿಕೆ. ಮಂಚದ ಪಕ್ಕ ನಿಂತು, ಈ ಸಲ ಬಗ್ಗಿ, ಅವರ ಮುಖ ನೋಡಿ ಹೇಳಬೇಕು. ನೀವು ಏನೂ ತಪ್ಪು ಮಾಡಿರಲಿಲ್ಲ ಚಂದ್ರಣ್ಣ. ಅವತ್ತು ಕೌಂಟರ್ ತೆರೆದೇ ಇತ್ತು.