ಭಾವ ಬೆರಳಿಟ್ಟ ಊರು

ಭಾವ ಮಾತಾಡುವಾಗ ಅವರ ಕೊರಳ ಗಂಟು ಮೇಲೆ ಕೆಳಗೆ ಓಡಾಡುವುದು ರಸ್ತೆಯ ಆಚೆಗೂ ಕಾಣುತ್ತಿತ್ತು. ಅಕ್ಕನ ಗಂಡ, ಟಿ. ನರಸೀಪುರದ ಹತ್ತಿರದ ಹಳ್ಳಿಯೊಂದರಲ್ಲಿ ಹಾಲಿನ ಡೈರಿ ಸೆಕ್ರೆಟರಿ. ವರ್ಷಕ್ಕೊಮ್ಮೆ ಸೈಕಲ್ಲಿನಲ್ಲಿ ನಂಜನಗೂಡಿನ ನನ್ನ ಮನೆಗೆ ಬರುತ್ತಿದ್ದರು. ಅಲ್ಲಿಂದ ಇಬ್ಬರೂ ಊರೂರು ತಿರುಗುವುದು ನಮ್ಮ ರೂಢಿ.

ಭಾವ ಮ್ಯಾಪು ನೋಡುತ್ತಿರಲಿಲ್ಲ. ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಯಾವುದೋ ಊರಿನ ಡೈರಿ ಮುಂದೆ ಸೈಕಲ್ ನಿಲ್ಲಿಸಿ, ಹಸು, ಹಿಂಡಿ, ಫ್ಯಾಟು ಎಂದು ಮಾತಿಗೆ ಕೂರುತ್ತಿದ್ದರು. ಮುಂದಿನ ದಾರಿ, ಊಟ, ಮಲಗುವ ಜಾಗ ಎಲ್ಲ ಆ ಮಾತಿನಲ್ಲೇ ಹುಟ್ಟುತ್ತಿದ್ದವು. ನಾನು ಕೇರಳದ ಕಲ್ಲಿಕೋಟೆಗೆ ಹೋಗೋಣ ಎಂದಾಗಲೆಲ್ಲ ಒಂದೇ ಉತ್ತರ: "ನಿಂಗೇನ್ಲಾ, ಇಂಗ್ಲಿಷ್ ಬತ್ತದೆ. ನಾನಲ್ಲಿ ಕತ್ತೆ ನಿಂತಂಗೆ ನಿಂತ್ಕಳದಾ?"

ಒಂದು ವರ್ಷ ಅವರ ದನಿ ಒಡೆಯಿತು. ಗಂಟಲಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಆಪರೇಷನ್ನಿಗೆ ಸ್ವಲ್ಪ ದಿನವಿರುವಾಗ ಭಾವ ಸೈಕಲ್ ತುಳಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ವಾಪಸ್ ಕಳಿಸು ಎಂದು ಅಕ್ಕ ಫೋನಿನಲ್ಲಿ ಅಳುತ್ತಿದ್ದಳು.

"ಮಾತಾಡಕ್ಕಾಗೋ ಕಡೆ ಕರ್ಕಂಡೋಗು," ಎಂದರು ಭಾವ. ಹೀಗೇ ಹೇಳಿದರೋ, ನಾನೇ ಆಮೇಲೆ ಜೋಡಿಸಿಕೊಂಡೆನೋ.

ತಾಳವಾಡಿಯನ್ನು ಆರಿಸಿದೆ. ತಮಿಳುನಾಡಿಗೆ ಸೇರಿದ್ದರೂ ಕನ್ನಡ ನಡೆಯುವ ಊರು. ಚಾಮರಾಜನಗರ ದಾಟಿದ ಮೇಲೆ ಅವರ ಉಸಿರು ಸಿಳ್ಳೆ ಹೊಡೆಯತೊಡಗಿತು. ಒಂದು ಏರಿನಲ್ಲಿ ಕೆಮ್ಮಿದಾಗ ಟವೆಲ್ಲಿನಲ್ಲಿ ರಕ್ತ ಕಂಡಿತು. ಆಟೊ ಹಿಡಿಯೋಣವೆಂದರೆ ಕೇಳಲಿಲ್ಲ. ಅವರು ಮುಂದೆ, ನಾನು ಹಿಂದೆ. ಪ್ರತಿ ತಿರುವಿನಲ್ಲೂ ಆ ಬೆನ್ನು ಮತ್ತೆ ಕಾಣುವವರೆಗೆ ಅಕ್ಕನಿಗೆ ಏನು ಹೇಳಲಿ ಎಂಬ ದಿಗಿಲು.

ಸಂಜೆಯ ಹಾಲಿನ ಹೊತ್ತಿಗೆ ಮುಟ್ಟಿದೆವು. ಭಾವ ಡೈರಿ ಮುಂದೆ ಗುರುತಿಲ್ಲದವರ ನಡುವೆ ಕೂತು, ಒಡಕು ದನಿಯಲ್ಲಿ ಕತ್ತಲಾಗುವವರೆಗೂ ಮಾತಾಡಿದರು. ಜನ ಅವರ ಬಾಯಿಯ ಹತ್ತಿರಕ್ಕೆ ಬಗ್ಗಿ ಕೇಳಿಸಿಕೊಂಡರು. "ನಿಮ್ ಹಸ ಎಷ್ಟು ಹಾಲು ಕೊಡ್ತದೆ?" ಎಂದು ಒಬ್ಬ ಮುದುಕನನ್ನು ಕೇಳಿದ್ದೇ ನಾನು ಕೇಳಿದ ಅವರ ಕೊನೆಯ ಮಾತು ಎಂದುಕೊಂಡಿದ್ದೇನೆ. ಅಕ್ಕ ಒಪ್ಪುವುದಿಲ್ಲ. ವಾಪಸ್ ಬಂದಮೇಲೂ ನಿನ್ನ ಹತ್ತಿರ ಮಾತಾಡಿದರಲ್ಲ ಎನ್ನುತ್ತಾಳೆ.

ಆಪರೇಷನ್ ಆಗಿ ಎಷ್ಟೋ ತಿಂಗಳ ಮೇಲೆ, ಉಸಿರಾಟಕ್ಕೆಂದು ಕೊರಳಲ್ಲಿ ಮಾಡಿದ ತೂತಿಗೆ ತೆಳು ಬಟ್ಟೆ ಕಟ್ಟಿಕೊಂಡು ಮತ್ತೆ ಬಂದರು. ತಾಳವಾಡಿಗೇ ಹೋಗೋಣವೇ ಎಂದೆ. ಬೇಡವೆಂದು ತಲೆಯಾಡಿಸಿ, ಗೋಡೆಯ ಮ್ಯಾಪಿನ ಮುಂದೆ ನಿಂತು ಹುಡುಕಿ, ಕಲ್ಲಿಕೋಟೆಯ ಮೇಲೆ ಬೆರಳಿಟ್ಟರು.

ಸೈಕಲ್ಲುಗಳನ್ನು ಬಸ್ಸಿಗೆ ಹಾಕಿಕೊಂಡು ಹೋದೆವು. ಅಲ್ಲಿನ ಟೀ ಅಂಗಡಿಯವನಿಗೆ ನನ್ನ ಇಂಗ್ಲಿಷ್ ತಿಳಿಯಲಿಲ್ಲ, ಅವನ ಮಲಯಾಳ ನನಗೆ ತಿಳಿಯಲಿಲ್ಲ. ಭಾವ ಬಟ್ಟೆ ಸರಿಸಿ ಕೊರಳು ತೋರಿಸಿ, ಎರಡು ಬೆರಳೆತ್ತಿದರು. ಅವನು ಸ್ಟೂಲು ಎಳೆದುಕೊಟ್ಟು, ಟೀಯನ್ನು ಎತ್ತಿ ಹುಯ್ದು ಆರಿಸಿ ತಂದ. ಆಮೇಲೆ ಇಬ್ಬರೂ ಕೈಯಲ್ಲೇ ಹರಟೆಗೆ ಕೂತರು. ನಾನು ಎರಡು ಸೈಕಲ್ ಹಿಡಿದುಕೊಂಡು ನಿಂತೇ ಇದ್ದೆ. ಭಾವ ತಿರುಗಿ ನೋಡಿದವರೇ ಎರಡೂ ಕೈಗಳನ್ನು ತಲೆಯ ಮೇಲೆ ಕತ್ತೆಕಿವಿಯಂತೆ ನಿಲ್ಲಿಸಿ, ಸದ್ದಿಲ್ಲದೆ ಮೈ ಕುಲುಕುವಂತೆ ನಕ್ಕರು.

ಮರುವರ್ಷ ಭಾವ ತೀರಿಕೊಂಡರು. ಅವರ ದನಿ ಈಗ ನೆನಪಿಗೆ ಬಂದರೂ, ನಾನೇ ಜೋಡಿಸಿಕೊಂಡದ್ದೋ ಏನೋ ಎಂದು ನಂಬುವುದಿಲ್ಲ. ಆ ಎರಡು ಕೈಗಳನ್ನು ನಂಬುತ್ತೇನೆ.