ಎಂಟನೇ ಮಹಡಿಯ ಇರುವೆಗಳು

ದೆಹಲಿಯ ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ, ಎಂಟನೇ ಮಹಡಿಯಲ್ಲಿ ಇರುವ ಜಲಜಾ ಐವತ್ತು ದಾಟುವವರೆಗೂ ಇರುವೆಗಳ ಪಾಲಿಗೆ ಯಮನೇ ಆಗಿದ್ದರು. ತುಮಕೂರಿನಿಂದ ಸ್ಟೆನೋ ಕೆಲಸಕ್ಕೆಂದು ಬಂದವರು, ಪರೀಕ್ಷೆಗಳನ್ನು ಬರೆಯುತ್ತ ಬರೆಯುತ್ತ ಮೇಲೇರಿ ಈಗ ಕೇಂದ್ರದ ಒಂದು ಸಚಿವಾಲಯದಲ್ಲಿ ದೊಡ್ಡ ಅಧಿಕಾರಿಯೊಬ್ಬರ ಆಪ್ತ ಕಾರ್ಯದರ್ಶಿ. ಆಫೀಸಿನ ಮೇಜಿನ ಮೇಲೆ ಗುಂಡುಪಿನ್ನು ಕೂಡ ಅಡ್ಡಾದಿಡ್ಡಿ ಬಿದ್ದಿರಬಾರದು ಅನ್ನುವ ಜಾತಿ. ಮನೆಯಲ್ಲಿ ಸಕ್ಕರೆ ಡಬ್ಬಿಯ ಸುತ್ತ ಒಂದು ಇರುವೆ ಸುಳಿದರೂ ಅರಿಶಿನ, ಸೀಮೆಎಣ್ಣೆ ಬಟ್ಟೆ, ಇರುವೆ ಚಾಕ್‌ಪೀಸು ಎಲ್ಲ ಒಟ್ಟಿಗೇ ಹೊರಬರುತ್ತಿದ್ದವು.

ಅಂಥವರು ಇರುವೆ ಸಾಕಿದ್ದು ಹೇಗೆಂದರೆ, ಜುಲೈ ತಿಂಗಳಲ್ಲಿ ಮೊದಲ ಮಳೆ ಬಂದ ಮಾರನೆಯ ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ದೊಡ್ಡದೊಂದು ಕರಿ ಇರುವೆ ಬಂದು ಕೂತಿತು. ಊರ ಕಡೆ ಗೊದ್ದ ಅನ್ನುತ್ತಾರಲ್ಲ, ಅಂಥದ್ದು, ಆದರೆ ಅದಕ್ಕಿಂತ ದಪ್ಪ. ರೆಕ್ಕೆ ಬೇರೆ ಇತ್ತು. ಜಲಜಾ ಚಪ್ಪಲಿ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅದು ಕಾಲಿನಿಂದ ಒತ್ತಿ ಒತ್ತಿ ತನ್ನ ರೆಕ್ಕೆಗಳನ್ನು ತಾನೇ ಕಳಚಿ ಹಾಕಿತು, ಮನೆಗೆ ಬಂದವರು ಕೋಟು ಬಿಚ್ಚಿ ಹಾಕುವ ಹಾಗೆ. ಚಪ್ಪಲಿ ಕೈಯಲ್ಲೇ ಉಳಿಯಿತು. ಅವರು ಮಗಳನ್ನು ಕೂಗಿದರು.

ಮಗಳು ಅನನ್ಯಾ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಅರ್ಧ ವಾರ ಮನೆಯಿಂದಲೇ ಕೆಲಸ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಮೂರು ಹೆಜ್ಜೆ ಇಡುವುದರೊಳಗೆ ಹಿಂದಿಗೆ ಹೊರಳುತ್ತಿತ್ತು. ಫೋನಿನಲ್ಲಿ ಫೋಟೋ ತೆಗೆದು, ಹುಡುಕಿ ನೋಡಿ, “ಅಮ್ಮ, ಯೇ ತೋ ರಾಣಿ ಹೈ. ಇದು ಗೂಡು ಮಾಡಕ್ಕೆ ಜಾಗ ಹುಡುಕ್ತಾ ಇದೆ” ಅಂದಳು. ಆನ್‌ಲೈನಿನಲ್ಲಿ ಟೆಸ್ಟ್ ಟ್ಯೂಬ್ ತರಿಸಿ, ತಳಕ್ಕೆ ನೀರು ಹಾಕಿ ಹತ್ತಿಯಿಂದ ತಡೆ ಕಟ್ಟಿ, ರಾಣಿಯನ್ನು ಒಳಗೆ ಬಿಟ್ಟು, ಬಾಯಿಗೂ ಹತ್ತಿ ತುರುಕಿದಳು. ಒಂದು ವಾರ ಉತ್ಸಾಹ. ಆಮೇಲೆ ಆಫೀಸಿನ ಕೆಲಸ ತಲೆಯ ಮೇಲೆ ಬಿತ್ತು. ಟ್ಯೂಬು ಅಮ್ಮನ ಪಾಲಿಗೆ ಬಂತು.

ಕತ್ತಲಲ್ಲಿಡಬೇಕು, ಅಲುಗಾಡಿಸಬಾರದು, ಊಟ ಕೊಡುವುದೇ ಬೇಡ ಎಂದು ಮಗಳು ಹೇಳಿಹೋಗಿದ್ದಳು. ಮೊದಲ ಮಕ್ಕಳು ದೊಡ್ಡವರಾಗುವವರೆಗೆ ರಾಣಿ ಏನನ್ನೂ ತಿನ್ನುವುದಿಲ್ಲವಂತೆ. ತನ್ನ ರೆಕ್ಕೆ ಆಡಿಸುತ್ತಿದ್ದ ಮಾಂಸಖಂಡವನ್ನೇ ಕರಗಿಸಿಕೊಂಡು ಮರಿಗಳಿಗೆ ಉಣಿಸುತ್ತದಂತೆ. ಏಕಾದಶಿಗೆ ಸಾಬೂದಾನೆ ಖಿಚಡಿ ತಿಂದು ಉಪವಾಸ ಅನ್ನುವ ಜಲಜಾಗೆ ಇದು ನಾಟಿತು. ಟ್ಯೂಬನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿಟ್ಟರು. ಆಫೀಸಿಗೆ ಹೊರಡುವ ಮುಂಚೆ ಒಮ್ಮೆ, ಬಂದಮೇಲೆ ಒಮ್ಮೆ ಬೀರು ತೆಗೆದು ನೋಡುವುದು ರೂಢಿಯಾಯಿತು. ಮೊದಲ ಪುಟ್ಟ ಕೆಲಸಗಾರ ಇರುವೆಗಳು ಹೊರಬಂದ ದಿನ ಸಂಜೆ ಆಫೀಸಿನಲ್ಲಿ ಯಾವುದೋ ಮೀಟಿಂಗು ಎಳೆಯುತ್ತಿದ್ದಾಗ, ಮನೆಯಲ್ಲಿ ಸಣ್ಣವರಿದ್ದಾರೆ ಎಂದು ಹೇಳಿ ಎದ್ದು ಬಂದುಬಿಟ್ಟರು. ಅನನ್ಯಾಗೆ ಇನ್ನೂ ಮದುವೆಯಾಗಿಲ್ಲ ಎಂದು ತಿಳಿದಿದ್ದ ಸಹೋದ್ಯೋಗಿಗಳು ಆ ಮಾತನ್ನು ಬಹಳ ದಿನ ಮೆಲುಕು ಹಾಕಿದರಂತೆ.

ಗಂಡ ಸೋಮಶೇಖರ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಗುಣಮಟ್ಟ ನೋಡುವವರು. ಮೆಟ್ರೋದಲ್ಲಿ ಹೋಗಿ ಮೆಟ್ರೋದಲ್ಲಿ ಬಂದು, ಟೀ ಕುಡಿಯುತ್ತ ಒಂದು ಮಾತು ಚುಚ್ಚದಿದ್ದರೆ ಅವರಿಗೆ ದಿನ ಮುಗಿಯದು.

“ಅಡುಗೆಮನೆಯಲ್ಲಿ ಕೊಲ್ಲೋದು, ಬೀರುವಿನಲ್ಲಿ ಸಾಕೋದು. ಇದು ಯಾವ ನ್ಯಾಯ ಜಲಜಾ?”

“ಅವು ತಾವಾಗಿ ನುಗ್ಗಿದವು. ಇವು ನಾನು ಕರೆದು ಕೂರಿಸಿದವು ರೀ,” ಅನ್ನುತ್ತಿದ್ದರು ಜಲಜಾ.

ಸಂಸಾರ ಬೆಳೆದ ಮೇಲೆ ಟ್ಯೂಬಿಗೊಂದು ಪಾರದರ್ಶಕ ಡಬ್ಬಿ ಜೋಡಿಸಿ, ಬಾಲ್ಕನಿ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟರು. ಡಬ್ಬಿ ಅವುಗಳ ಅಂಗಳ. ಅಲ್ಲಿ ಒಂದು ತೊಟ್ಟು ಜೇನು, ಸತ್ತ ಸೊಳ್ಳೆ, ಭಾನುವಾರ ವಿಶೇಷವೆಂದರೆ ಜಿರಳೆಯ ಕಾಲು. ಜೇನಿನ ವಾಸನೆಗೆ ಕರೆಯದ ನೆಂಟರೂ ಬಂದರು. ಗೋಡೆಯ ಮೇಲೆ ಹರಿದಾಡುವ ಸಣ್ಣ ಕೆಂಪಿರುವೆಗಳು, ಒಂದು ರಾಗಿ ಕಾಳಿಗಿಂತ ದೊಡ್ಡವಲ್ಲ. ಮೊದಲು ಒಂದೆರಡು ಬಂದು ಡಬ್ಬಿಯ ಸುತ್ತ ಮೂಸಿ ಹೋದವು. ಜಲಜಾ ಒರೆಸಿ ಹಾಕಿದರು. ಮಾರನೆಯ ದಿನ ಸಾಲಾಗಿ ಬಂದವು.

ತುಮಕೂರಿನಲ್ಲಿ ಅಮ್ಮ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುತ್ತಿದ್ದುದು ನೆನಪಾಯಿತು. ದೊಡ್ಡ ಸ್ಟೀಲ್ ತಟ್ಟೆಗೆ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಡಬ್ಬಿ ಇಟ್ಟರು. ದೆಹಲಿಯ ಧೂಳು ಸಂಜೆಯೊಳಗೆ ನೀರಿನ ಮೇಲೆ ಕೆನೆ ಕಟ್ಟಿತು. ಹಗುರ ಮೈಯ ಕೆಂಪಿರುವೆಗಳು ಆ ಕೆನೆಯ ಮೇಲೇ ನಡೆದು ಬಂದವು. ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು ಹಾಕು, ಆಗ ನೀರು ಅವನ್ನು ಹೊರುವುದಿಲ್ಲ ಎಂದಳು ಅನನ್ಯಾ. ಹಾಕಿದರು. ನೀರು ದಿನಾ ಬದಲಾಯಿಸಿದರು. ಒಬ್ಬರೂ ದಾಟಲಿಲ್ಲ. ಜಲಜಾ ಗೆದ್ದೆ ಅಂದುಕೊಂಡರು.

ಅಷ್ಟರಲ್ಲಿ ಒಂದು ಭಾನುವಾರ, ಊರಿನಿಂದ ಕೆಲಸದ ಮೇಲೆ ಬಂದು ಚಾಣಕ್ಯಪುರಿಯಲ್ಲಿ ಇಳಿದುಕೊಂಡಿದ್ದ ಜಲಜಾರ ಅಣ್ಣನನ್ನು ನೋಡಲು ಮೂವರೂ ಹೋದರು. ಬಾಲ್ಕನಿ ಬಾಗಿಲು ಹಾಕುವುದು ಮರೆತುಹೋಗಿತ್ತು. ಗಾಳಿಗೆ ಪರದೆ ಹಾರಿ, ಅದರ ಅಂಚು ಡಬ್ಬಿಯ ಮೇಲೆ ಕೂತುಬಿಟ್ಟಿತ್ತು. ಮಧ್ಯಾಹ್ನ ಹಿಂತಿರುಗಿದಾಗ ಪರದೆಯ ಮೇಲೆ ಮೇಲಿಂದ ಕೆಳಗಿನವರೆಗೆ ಒಂದು ಕೆಂಪು ದಾರ ಹೊಲಿದ ಹಾಗಿತ್ತು. ದಾರ ಚಲಿಸುತ್ತಿತ್ತು.

ಜಲಜಾ ಬಗ್ಗಿ ನೋಡಿದರು. ಅಂಗಳದಲ್ಲಿ ಕರಿ ಇರುವೆಗಳು ಮುದುಡಿ ಬಿದ್ದಿದ್ದವು, ಒಂದೊಂದರ ಮೇಲೂ ನಾಲ್ಕೈದು ಕೆಂಪಿನವು. ಟ್ಯೂಬಿನೊಳಗಿಂದ ಬಿಳಿ ಮರಿಗಳನ್ನು ಕಚ್ಚಿಕೊಂಡು ಬಂದು ಪರದೆ ಹತ್ತಿ ಸಾಗಿಸುತ್ತಿದ್ದವು. ರಾಣಿ ನೀರಿನ ಹತ್ತಿಗೆ ಒತ್ತಿಕೊಂಡು ಕೂತಿತ್ತು. ಉಳಿದ ಕೆಲವು ಮಕ್ಕಳು ಅದರ ಮುಂದೆ ಅಡ್ಡ ನಿಂತಿದ್ದವು.

ಅಭ್ಯಾಸಬಲದಿಂದ ಜಲಜಾರ ಕೈ ಚಾಕ್‌ಪೀಸಿಗೆ ಹೋಯಿತು. ಅರ್ಧಕ್ಕೇ ನಿಂತಿತು. ಆ ವಿಷಕ್ಕೆ ಇವರ ಇರುವೆ ಯಾವುದು, ಗೋಡೆಯ ಇರುವೆ ಯಾವುದು ಎಂದು ತಿಳಿಯುವುದಿಲ್ಲ.

ಅನನ್ಯಾ ಫೋನು ನೋಡಿ, ತಣ್ಣಗಾದರೆ ಇರುವೆಗಳು ನಿಧಾನವಾಗುತ್ತವೆ, ಆಗ ಬೇರ್ಪಡಿಸಬಹುದು ಎಂದಳು. ಟ್ಯೂಬನ್ನು ಡಬ್ಬಿಯಿಂದ ಕಿತ್ತು, ಬಾಯಿಗೆ ಹತ್ತಿ ತುರುಕಿ, ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಕ್ಕದಲ್ಲಿ ಇಟ್ಟರು. ಬೇರೆ ದಿನವಾಗಿದ್ದರೆ ಸೋಮಶೇಖರ ಇದಕ್ಕೊಂದು ಮಾತು ಹೇಳದೆ ಬಿಡುತ್ತಿರಲಿಲ್ಲ. ಅವತ್ತು ಅವರು ಒಳಗೆ ಹೋಗಿ, ಕಾರ್ಖಾನೆಯಲ್ಲಿ ಬಿಡಿಭಾಗಗಳ ಬಿರುಕು ನೋಡಲು ಬಳಸುವ ಭೂತಗನ್ನಡಿ ಮತ್ತು ಟಾರ್ಚು ತಂದರು.

ಸ್ವಲ್ಪ ಹೊತ್ತಿಗೆ ಟ್ಯೂಬು ಹೊರತೆಗೆದು ಬಿಳಿ ತಟ್ಟೆಗೆ ಸುರಿದರು. ಎಲ್ಲವೂ ಅಮಲೇರಿದವರ ಹಾಗೆ ಕಾಲೆಳೆಯುತ್ತಿದ್ದವು. ಅನನ್ಯಾ ಕಣ್ಣಿಗೆ ಬಣ್ಣ ಹಚ್ಚಿಕೊಳ್ಳುವ ಸಣ್ಣ ಕುಂಚ ಜಲಜಾರ ಕೈಯಲ್ಲಿ; ಗಂಡ ಭೂತಗನ್ನಡಿ ಹಿಡಿದು, ಎಡಕ್ಕೆ ಒಂದಿದೆ, ಹೊಟ್ಟೆಯ ಕೆಳಗೆ ಇನ್ನೊಂದಿದೆ ಎಂದು ಮೆಲ್ಲಗೆ ಹೇಳುತ್ತ ಹೋದರು. ಒಂದು ಕೆಂಪಿರುವೆ ರಾಣಿಯ ಹಿಂಗಾಲನ್ನು ಕಚ್ಚಿ ಹಿಡಿದಿತ್ತು. ಎಷ್ಟು ತಳ್ಳಿದರೂ ಬಿಡಲಿಲ್ಲ. ಕೊನೆಗೆ ಜಲಜಾ ಒದ್ದೆ ಕುಂಚದ ತುದಿಯಿಂದ ಅದರ ಮೈಯನ್ನು ಮೆಲ್ಲನೆ ತಿರುಗಿಸಿ ತಿರುಗಿಸಿ ಬಿಡಿಸಿದರು. ರಾಣಿಯ ಪಾದದ ತುದಿ ಅದರ ಜೊತೆಗೇ ಹೋಯಿತು.

ಹೊಸ ಟ್ಯೂಬಿಗೆ ರಾಣಿ, ಬೆರಳೆಣಿಕೆಯಷ್ಟು ಮಕ್ಕಳು, ಉಳಿದ ನಾಲ್ಕಾರು ಮರಿಗಳು ಸೇರಿದವು. ಮತ್ತೆ ಬೀರು. ಪರದೆಯನ್ನು ಬಕೆಟ್ಟಿನಲ್ಲಿ ಅದ್ದುತ್ತಿದ್ದಾಗ ಜಲಜಾಗೆ ಅಳು ಬಂದುಬಿಟ್ಟಿತು. ಇರುವೆಗಾಗಿ ಅತ್ತೆ ಎಂದು ಯಾರ ಮುಂದೆ ಹೇಳುವುದು? ನಲ್ಲಿಯನ್ನು ಜೋರಾಗಿ ಬಿಟ್ಟರು.

ಅಳು ಮುಗಿದ ಮೇಲೆ ಸಿಟ್ಟು ಬಂತು. ಎಂಟನೇ ಮಹಡಿಗೆ ಇಷ್ಟು ಇರುವೆ ಎಲ್ಲಿಂದ ಬರಬೇಕು? ಚಾಕ್‌ಪೀಸು ಕೈಗೆತ್ತಿಕೊಂಡು ಸಾಲು ಹಿಡಿದು ಹೊರಟರು. ಬಾಗಿಲ ಚೌಕಟ್ಟು, ಬಾಲ್ಕನಿಯ ಕಟಾಂಜನ, ನೀರಿನ ಪೈಪು, ಅಲ್ಲಿಂದ ನೇರ ಪಕ್ಕದ ಮನೆಯ ಬಾಲ್ಕನಿಗೆ. ಅಲ್ಲಿ ತುಳಸಿ ಕುಂಡದ ಬುಡದಲ್ಲಿ ಬಿಳಿಯ ಗುಡ್ಡೆಯೊಂದು ಕಾಣಿಸಿತು. ಗೋಧಿ ಹಿಟ್ಟು ಮತ್ತು ಸಕ್ಕರೆ.

ಪಕ್ಕದ ಮನೆಯಲ್ಲಿದ್ದವರು ಕಮಲೇಶ್ ಜೀ, ಹರಿಯಾಣದ ಹಳ್ಳಿಯ ಕಡೆಯ ವಯಸ್ಸಾದ ಹೆಂಗಸು. ಮಗ ಸರಕಾರಿ ಅಧಿಕಾರಿ, ಸೊಸೆಯೂ ಕೆಲಸಕ್ಕೆ ಹೋಗುವವಳು. ಲಿಫ್ಟಿನಲ್ಲಿ ಸಿಕ್ಕರೆ ರಾಮ್ ರಾಮ್ ಅನ್ನುವುದಕ್ಕಿಂತ ಹೆಚ್ಚಿನ ಪರಿಚಯ ಜಲಜಾಗೆ ಇರಲಿಲ್ಲ. ಬೆಲ್ಲು ಒತ್ತಿದಾಗ ಕೈಯಲ್ಲಿ ಚಾಕ್‌ಪೀಸು ಇನ್ನೂ ಇತ್ತು. ಅದನ್ನು ಕಂಡದ್ದೇ ಮುದುಕಿಯ ಮುಖ ಬಿಗಿಯಿತು.

ಅವರು ಹೇಳಿದ್ದಿಷ್ಟು. ಮದುವೆಯಾಗಿ ಬಂದಂದಿನಿಂದ ದಿನಾ ಇರುವೆಗಳಿಗೆ ಹಿಟ್ಟು ಹಾಕದೆ ತಾವು ಬಾಯಿಗೆ ರೊಟ್ಟಿ ಇಟ್ಟವರಲ್ಲ. ಊರಲ್ಲಿ ಬೇವಿನ ಮರದಡಿ ಹಾಕುತ್ತಿದ್ದರು. ಇಲ್ಲಿಗೆ ಬಂದಮೇಲೆ ಮಂಡಿ ನೋವು, ಒಬ್ಬರೇ ಲಿಫ್ಟಿನಲ್ಲಿ ಇಳಿಯಲು ಹೆದರಿಕೆ. ಕುಂಡದಲ್ಲಿ ಹಾಕಿ ನೋಡಿದರು. ಇಷ್ಟೆತ್ತರಕ್ಕೂ ಇರುವೆಗಳು ಬಂದವು. ದೇವರು ತಮ್ಮ ನೇಮ ತಪ್ಪಿಸಲಿಲ್ಲ ಎಂದುಕೊಂಡಿದ್ದರು.

ಜಲಜಾ ಬೈಯಲು ಕಟ್ಟಿಕೊಂಡು ಬಂದಿದ್ದ ಹಿಂದಿ ವಾಕ್ಯಗಳು ಯಾವುವೂ ಉಪಯೋಗಕ್ಕೆ ಬರಲಿಲ್ಲ. ಅವರು ಮುದುಕಿಯ ಕೈಹಿಡಿದು ತಮ್ಮ ಮನೆಗೆ ಕರೆತಂದು ಬೀರು ತೆಗೆದು ತೋರಿಸಿದರು. ಕಮಲೇಶ್ ಜೀ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ರಾಣಿ ಕುಂಟುತ್ತ ಒಂದು ಮರಿಯನ್ನು ಹತ್ತಿಯ ಪಕ್ಕಕ್ಕೆ ಸರಿಸುತ್ತಿತ್ತು.

“ನನ್ನವು ಮಾಡಿದ್ದಾ ಇದು?” ಎಂದು ಕೇಳಿದರು.

“ಹೌದು ಮಾತಾಜೀ.”

“ಹೊಟ್ಟೆ ತುಂಬ ಹಾಕ್ತೀನಲ್ಲ ಬೇಟಾ. ಆದರೂ ಯಾಕೆ ಹೋದವು?”

ಜಲಜಾ ತಮಗೆ ತಿಳಿದಷ್ಟು ಹೇಳಿದರು. ಹಾಕಿದಷ್ಟೂ ಅವುಗಳ ಸಂಸಾರ ಬೆಳೆಯುತ್ತದೆ, ಮರಿಗಳಿಗೆ ಹಿಟ್ಟು ಸಕ್ಕರೆ ಸಾಲದು, ಮಾಂಸ ಬೇಕು. ಕಮಲೇಶ್ ಜೀ ಸಸ್ಯಾಹಾರಿ. ಆ ಕೊನೆಯ ಮಾತು ಅವರಿಗೆ ಸರಿಬರಲಿಲ್ಲ. ಆದರೆ ನೇಮ ಬಿಡಿ ಎಂದು ಜಲಜಾ ಕೇಳಲಿಲ್ಲ, ಚಾಕ್‌ಪೀಸು ಬಳಸುವುದಿಲ್ಲ ಎಂದೂ ಮಾತು ಕೊಟ್ಟರು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಹಿಟ್ಟಿನ ಬಟ್ಟಲನ್ನು ತಾವೇ ಕೆಳಗೆ ಒಯ್ದು ಪಾರ್ಕಿನ ಬೇವಿನ ಬುಡದಲ್ಲಿ ಹಾಕುವುದು, ಶನಿವಾರ ಭಾನುವಾರ ರಜೆಯಾದ್ದರಿಂದ ಕಮಲೇಶ್ ಜೀಯವರನ್ನೇ ಕರೆದುಕೊಂಡು ಹೋಗುವುದು ಎಂದು ಇಬ್ಬರೂ ಒಪ್ಪಿದರು.

ಕುಂಡದ ಕೆಂಪಿರುವೆಗಳು ಕೆಲವು ದಿನ ಅತ್ತಿತ್ತ ಅಲೆದು ತೆಳುವಾದವು. ಪೂರ್ತಿ ಹೋಗಲಿಲ್ಲ, ಎಲ್ಲಿ ಹೋಗುತ್ತವೆ? ಸಕ್ಕರೆ ಡಬ್ಬಿಗೆ ಬಂದರೆ ಜಲಜಾ ಈಗ ವಿನೆಗರ್ ನೀರಿನಲ್ಲಿ ದಾರಿ ಒರೆಸುತ್ತಾರೆ, ಬಾಯಿತುಂಬ ಬೈಯುತ್ತಾರೆ, ಅಷ್ಟೇ. ಡಬ್ಬಿಯನ್ನು ಗೋಡೆ, ಪರದೆ ಯಾವುದೂ ತಾಗದಂತೆ ಊಟದ ಮೇಜಿನ ನಡುವಿಗೆ ತಂದು, ಇರುವೆಗಳ ಕಾಲು ಜಾರಲೆಂದು ಅಂಚಿಗೆ ಪೌಡರ್ ಬಳಿದು, ಸೋಪಿನ ನೀರಿನ ತಟ್ಟೆಯಲ್ಲಿ ಕೂರಿಸಿದ್ದಾರೆ. ಊಟಕ್ಕೆ ಬಂದವರು ಅದೇನು ಪಲ್ಯವೆಂದು ಬಗ್ಗಿ ನೋಡಿ ಹಿಂದೆ ಸರಿಯುತ್ತಾರೆ. ಆಗ ವಿವರಿಸುವವರು ಸೋಮಶೇಖರ. ರಾಣಿಯ ಕಾಲಿನ ಕಥೆಯನ್ನು ಅವರು ಹೇಳುವಾಗ ಕುಂಚ ಅವರ ಕೈಯಲ್ಲೇ ಇದ್ದಂತೆ ಕೇಳಿಸುತ್ತದೆ. ಚಳಿಗಾಲವಿಡೀ ರಾಣಿ ಒಂದು ಮೊಟ್ಟೆಯನ್ನೂ ಇಡದೆ ಜಲಜಾರನ್ನು ಹೆದರಿಸಿತು. ಹೋಳಿ ಕಳೆದು ಬಿಸಿಲು ಏರಿದ ಮೇಲೆ ಹತ್ತಿಯ ಪಕ್ಕದಲ್ಲಿ ಬಿಳಿ ಮೊಟ್ಟೆಗಳು ಕಾಣಿಸಿಕೊಂಡವು.

ಕಮಲೇಶ್ ಜೀಗೆ ಪಾರ್ಕಿನಲ್ಲಿ ತಮ್ಮ ಕಡೆಯ ಮಾತಾಡುವ ಇಬ್ಬರು ಹೆಂಗಸರು ಸಿಕ್ಕಿದ್ದಾರೆ. ಹಿಟ್ಟು ಹಾಕುವುದು ಒಂದು ನಿಮಿಷದ ಕೆಲಸ; ಅವರನ್ನು ಬೆಂಚಿನಿಂದ ಏಳಿಸುವುದೇ ಜಲಜಾಗೆ ಕಷ್ಟ. ಹೋದ ಶನಿವಾರ ಲಿಫ್ಟಿಗೆ ಕಾಯುತ್ತ ನಿಂತಾಗ ಮುದುಕಿ ಕೇಳಿದರು:

“ಆ ಕೆಂಪಿನವಕ್ಕೂ ಹೀಗೇ ಒಬ್ಬಳು ರಾಣಿ ಇರ್ತಾಳಾ?”

ಒಬ್ಬಳಲ್ಲ, ಒಂದೇ ಗೂಡಿನಲ್ಲಿ ಎಷ್ಟೋ ರಾಣಿಯರಿರುತ್ತಾರೆ ಎಂದರು ಜಲಜಾ.

“ಒಂದೇ ಮನೆಯಲ್ಲಿ ಅಷ್ಟು ಜನ ಯಜಮಾನಿಯರಿದ್ದರೆ ಇನ್ನೇನಾಗತ್ತೆ,” ಎಂದು ಕಮಲೇಶ್ ಜೀ ಲಿಫ್ಟಿನೊಳಗೆ ಕಾಲಿಟ್ಟರು.